ಓದುಗರ ಗ್ಯಾರೇಜ್: ಗೀರು ಉಗುರಿಗೆ ಸಿಗುತ್ತದೆಯೇ?

ಮಳೆ ಬಿಟ್ಟು ನಾಲ್ಕು ಬಿಸಿಲು ಬಿದ್ದರೆ ಸಾಕು, ಜೂನ್‌ನಿಂದ ಕೆಸರಿನಡಿ ಅಡಗಿದ್ದ ಗೀರುಗಳೆಲ್ಲ ಒಮ್ಮೆಲೇ ಕಣ್ಣಿಗೆ ಬೀಳುತ್ತವೆ. ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅದರ ಬಗ್ಗೆಯೇ. ಒಂದೇ ತೆರನ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ಮನೆಯ ಓಣಿ ತೀರಾ ಇಕ್ಕಟ್ಟು. ತಿರುವಿನಲ್ಲಿ ಮುರಕಲ್ಲಿನ ಕಂಪೌಂಡಿಗೆ ತಾಗಿ ಕಾರಿನ ಹಿಂದಿನ ಬಾಗಿಲಿಗೆ ಒಂದೂವರೆ ಅಡಿ ಉದ್ದದ ಗೀರು ಬಿದ್ದಿದೆ. ಕಡು ನೀಲಿ ಮೆಟಾಲಿಕ್ ಬಣ್ಣ, ನಾಲ್ಕು ವರ್ಷ ಹಳೆಯ ಗಾಡಿ. ಗ್ಯಾರೇಜಿನಲ್ಲಿ ಇಡೀ ಬಾಗಿಲಿಗೆ ಪೇಂಟ್ ಹೊಡೆಯಬೇಕು ಅನ್ನುತ್ತಾರೆ. ಮನೆಯಲ್ಲೇ ಉಜ್ಜಿ ತೆಗೆಯಬಹುದೇ? — ಬಿಜೈ, ಮಂಗಳೂರು

ಉತ್ತರ: ಮೊದಲು ಶಾಂಪೂ ಹಾಕಿ ತೊಳೆದು ನೋಡಿ. ಗೋಡೆಗೆ ಉಜ್ಜಿದಲ್ಲಿ ಕಾಣುವುದೆಲ್ಲ ಗೀರಲ್ಲ. ಕಲ್ಲಿನ ಕೆಂಪು ಹುಡಿ, ಗೋಡೆಗೆ ಬಳಿದ ಸುಣ್ಣ ಅಥವಾ ಸಿಮೆಂಟ್ ಪೇಂಟ್ ಬಾಗಿಲಿನ ಮೇಲೆ ಕೂತಿರುತ್ತದೆ. ಅದು ಹೋದ ಮೇಲೆ ಉಳಿಯುವುದು ಎಷ್ಟೋ ಸಲ ಅರ್ಧಕ್ಕಿಂತ ಕಡಿಮೆ.

ಇನ್ನು ಆಳ ನೋಡಬೇಕು. ಗೀರಿನ ಮೇಲೆ ನೀರು ಚಿಮುಕಿಸಿ. ಒದ್ದೆಯಿರುವಷ್ಟು ಹೊತ್ತು ಮಾಯವಾಗಿ, ಒಣಗಿದ ಕೂಡಲೇ ಮತ್ತೆ ಕಂಡರೆ ಅದು ಮೇಲಿನ ಪಾರದರ್ಶಕ ಪದರದಲ್ಲಷ್ಟೇ ಇದೆ. ಆಮೇಲೆ ಉಗುರನ್ನು ಗೀರಿಗೆ ಅಡ್ಡಲಾಗಿ ಹಗುರವಾಗಿ ಎಳೆಯಿರಿ. ಉಗುರು ಜಾರಿ ಹೋದರೆ ಪಾಲಿಶ್‌ಗೆ ಬಗ್ಗುವ ಗೀರು. ಟಕ್ ಎಂದು ನಿಂತರೆ ಪಾಲಿಶ್‌ನಿಂದ ಪೂರ್ತಿ ಹೋಗುವುದಿಲ್ಲ, ಅಂಚು ಮೊಂಡಾಗಿ ಕಣ್ಣಿಗೆ ಕಡಿಮೆ ಕಾಣುತ್ತದೆ ಅಷ್ಟೇ. ಒಳಗೆ ಬೂದು ಅಥವಾ ಬಿಳಿ ಕಂಡರೆ ಪ್ರೈಮರ್ (ಬಣ್ಣದ ಅಡಿಯ ಪದರ), ಮಿನುಗಿದರೆ ತಗಡು. ಅವೆರಡಕ್ಕೂ ಕೆಳಗೆ ಮಲ್ಪೆಯವರಿಗೆ ಕೊಟ್ಟ ಉತ್ತರ ನೋಡಿ.

ಉಗುರಿನ ಮಾತು ಯಾಕೆಂದರೆ, ಕಾರ್ಖಾನೆಯಿಂದ ಬರುವ ಬಣ್ಣದ ಒಟ್ಟು ದಪ್ಪ ಸುಮಾರು 100ರಿಂದ 140 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ತಗಡಿನ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, 15 ಮೈಕ್ರಾನ್ ಆಸುಪಾಸಿನ ಬಣ್ಣ, ಎಲ್ಲಕ್ಕಿಂತ ಮೇಲೆ 35–50 ಮೈಕ್ರಾನಿನ ಕ್ಲಿಯರ್ ಕೋಟ್, ಅಂದರೆ ಆ ಪಾರದರ್ಶಕ ಪದರ. ತಲೆಗೂದಲಿನ ದಪ್ಪವೇ 70 ಮೈಕ್ರಾನ್ ಇರುತ್ತದೆ, ಅಂದರೆ ನಿಮಗೆ ಉಜ್ಜಲು ಸಿಗುವುದು ಅರ್ಧ ಕೂದಲು. ಪಾಲಿಶ್ ಗೀರನ್ನು ತುಂಬುವುದಿಲ್ಲ, ಗೀರಿನ ಸುತ್ತಲಿನ ಕ್ಲಿಯರನ್ನು ಗೀರಿನ ತಳದ ಮಟ್ಟಕ್ಕೆ ಇಳಿಸುತ್ತದೆ. ಬಿಸಿಲಿನಿಂದ ಬಣ್ಣವನ್ನು ಕಾಯುವುದೂ ಆ ಕ್ಲಿಯರೇ. ಗಾಡಿಯ ಇಡೀ ಆಯುಷ್ಯದಲ್ಲಿ 8–10 ಮೈಕ್ರಾನಿಗಿಂತ ಹೆಚ್ಚು ಇಳಿಸಬೇಡಿ. ಹಾಗಾಗಿ ಯಾವಾಗಲೂ ಅತಿ ಹಗುರದಿಂದ ಶುರು ಮಾಡಿ, ಸಾಲದಿದ್ದರೆ ಮಾತ್ರ ಒಂದು ಮೆಟ್ಟಿಲು ಏರಬೇಕು. ಮೊದಲೇ ವಾಟರ್ ಪೇಪರ್ ಹಿಡಿಯುವವರೇ ಹೆಚ್ಚು, ಬಾಗಿಲು ಕೆಡಿಸಿಕೊಳ್ಳುವವರೂ ಅವರೇ.

ಬೇಕಾಗುವುದು: ರಬ್ಬಿಂಗ್ ಕಾಂಪೌಂಡ್, ಅದಕ್ಕಿಂತ ನುಣುಪಾದ ಫಿನಿಶಿಂಗ್ ಪಾಲಿಶ್, ಎರಡು ಫೋಮ್ ಪ್ಯಾಡ್, ನಾಲ್ಕೈದು ಮೈಕ್ರೋಫೈಬರ್ ಬಟ್ಟೆ, ಮಾಸ್ಕಿಂಗ್ ಟೇಪ್, ಟಾರ್ಚ್, 2500 ಮತ್ತು 3000 ನಂಬರಿನ ವಾಟರ್ ಪೇಪರ್ ಒಂದೊಂದು (ನಂಬರ್ ಹೆಚ್ಚಿದಷ್ಟೂ ಪೇಪರ್ ನುಣುಪು). ಗಾಡಿ ನೆರಳಿನಲ್ಲಿರಲಿ, ತಗಡು ಕೈಗೆ ತಣ್ಣಗಿರಲಿ. ಬಾಗಿಲಿನ ಮೂಲೆ, ಹಿಡಿಯ ಸುತ್ತ, ಉದ್ದಕ್ಕೆ ಓಡುವ ಏಣು ಇವುಗಳ ಮೇಲೆ ಟೇಪ್ ಅಂಟಿಸಿ. ಏಣಿನ ಮೇಲೆ ಬಣ್ಣ ತೆಳುವಾಗಿ ಕೂತಿರುತ್ತದೆ, ನಿಮ್ಮ ಒತ್ತಡವೆಲ್ಲ ಬೀಳುವುದೂ ಅಲ್ಲೇ.

ಪ್ಯಾಡನ್ನು ಚೂರು ಒದ್ದೆ ಮಾಡಿ ಬಟಾಣಿ ಗಾತ್ರದ ಎರಡು ಮೂರು ಹನಿ ಕಾಂಪೌಂಡ್ ಹಾಕಿ. ಎರಡು ಅಂಗೈ ಅಗಲದ ಜಾಗಕ್ಕೆ ಮೊದಲು ಸವರಿ, ಮತ್ತೆ ಹದವಾದ ಒತ್ತಡದಲ್ಲಿ ಒಂದೆರಡು ನಿಮಿಷ ನೇರವಾಗಿ ಹಿಂದೆ ಮುಂದೆ ಉಜ್ಜಿ. ಸುತ್ತು ಸುತ್ತಾಗಿ ಉಜ್ಜಿದರೆ ಉಳಿಯುವ ಸಣ್ಣ ಗೆರೆಗಳು ಯಾವ ದಿಕ್ಕಿನಿಂದ ನೋಡಿದರೂ ಹೊಳೆಯುತ್ತವೆ. ಒರೆಸಿ, ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಮೂರು ನಾಲ್ಕು ಸಲ ಮಾಡಿದ ಮೇಲೂ ಗೀರು ಹಾಗೇ ಇದ್ದರೆ ಮಾತ್ರ ವಾಟರ್ ಪೇಪರ್.

ಪೇಪರನ್ನು 15 ನಿಮಿಷ ನೀರಿನಲ್ಲಿ ನೆನೆಸಿಡಿ, ನೀರಿಗೆ ನಾಲ್ಕು ಹನಿ ಶಾಂಪೂ ಬಿಡಿ. ಬೆರಳಿಗೆ ಸುತ್ತಿ ಉಜ್ಜಬೇಡಿ, ಬೆರಳಿನ ಆಕಾರಕ್ಕೆ ಹಳ್ಳ ಬೀಳುತ್ತದೆ. ಮಕ್ಕಳ ಅಳಿಸುವ ರಬ್ಬರಿಗೆ ಸುತ್ತಿಕೊಳ್ಳಿ. 3000ದಿಂದ ಶುರು ಮಾಡಿ, ಹತ್ತು ಹನ್ನೆರಡು ಸಲ ಎಳೆದು ಒರೆಸಿ ನೋಡಿ. ಇಳಿಯುವ ನೀರು ತೆಳು ಹಾಲಿನಂತಿದ್ದರೆ ಅದು ಕ್ಲಿಯರ್. ನೀಲಿ ಕಂಡಿತೋ, ಆ ಕ್ಷಣ ನಿಲ್ಲಿಸಿ. ಬಾಗಿಲು ಮಂಕಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ, ಕಾಂಪೌಂಡಿನಿಂದ ಹೊಳಪು ಮರಳುತ್ತದೆ. ಆದರೆ ಕೈಯಲ್ಲೇ ಪಾಲಿಶ್ ಮಾಡುವವರು 3000ಕ್ಕಿಂತ ಕೆಳಗಿಳಿಯದಿರುವುದು ಒಳ್ಳೆಯದು. 3000ದ ಗೆರೆ ಕೈಯಲ್ಲಿ ಕಷ್ಟಪಟ್ಟು ಹೋಗುತ್ತದೆ, 2000ದ ಗೆರೆ ರಟ್ಟೆ ಬಿದ್ದುಹೋದರೂ ಹೋಗುವುದಿಲ್ಲ, ಅದಕ್ಕೆ ಮೆಷಿನ್ನೇ ಬೇಕು. ಮೆಷಿನ್ ಇದ್ದವರು 2500 ಹಿಡಿಯಬಹುದು. ಆಗ ಅದರ ಗೆರೆಗಳಿಗೆ ಅಡ್ಡಲಾಗಿ 3000 ಎಳೆದು, ಹಳೆಯ ಗೆರೆ ಒಂದೂ ಉಳಿಯದಂತೆ ನೋಡಿಕೊಂಡು ಕಾಂಪೌಂಡಿಗೆ ಹೋಗಿ.

ಕೊನೆಗೆ ಫಿನಿಶಿಂಗ್ ಪಾಲಿಶ್. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲಿಗೆ ಅಷ್ಟೇ ನೀರು ಬೆರೆಸಿ ಒಮ್ಮೆ ಒರೆಸಿ. ಪಾಲಿಶ್‌ನಲ್ಲಿರುವ ಎಣ್ಣೆ ಗೀರನ್ನು ಮುಚ್ಚಿಟ್ಟು ‘ಹೋಯಿತು’ ಎಂದು ನಂಬಿಸುತ್ತದೆ, ಒಂದು ವಾರ ಕಳೆದು ಮತ್ತೆ ಹಲ್ಲು ಕಿಸಿಯುತ್ತದೆ. ಎಣ್ಣೆ ತೆಗೆದ ಮೇಲೆ ಕಂಡದ್ದೇ ನಿಜ. ಅದು ಸಮಾಧಾನವಾದರೆ ವ್ಯಾಕ್ಸ್ ಹಚ್ಚಿ.

ಮುರಕಲ್ಲಿನ ಗೀರು ಉದ್ದಕ್ಕೂ ಒಂದೇ ಆಳ ಇರುವುದಿಲ್ಲ. ಸಾಮಾನ್ಯವಾಗಿ ಎರಡು ತುದಿ ಹಗುರ, ನಡುವೆ ನಾಲ್ಕಾರು ಇಂಚು ಆಳ. ತುದಿಗಳನ್ನು ಪಾಲಿಶ್‌ನಿಂದ ತೆಗೆದು ನಡುವಿನದ್ದಕ್ಕೆ ಟಚ್‌ಅಪ್ (ಗೀರಿನೊಳಗೆ ಮಾತ್ರ ತುಂಬುವ, ಗಾಡಿಗೆ ಹೊಂದುವ ಬಣ್ಣ) ಹಚ್ಚಿದರೆ ಬಾಗಿಲಿಗೆ ಪೇಂಟ್ ಹೊಡೆಸುವ ಖರ್ಚು ಉಳಿಯುತ್ತದೆ. ಮೆಟಾಲಿಕ್ ಬಣ್ಣದಲ್ಲಿ ಟಚ್‌ಅಪ್ ಹತ್ತಿರದಿಂದ ನೋಡಿದರೆ ಗೊತ್ತಾಗಿಯೇ ಆಗುತ್ತದೆ, ಮೂರು ಅಡಿ ದೂರದಿಂದ ಕಾಣದಿದ್ದರೆ ಕೆಲಸ ಚೆನ್ನಾಗಿ ಆಗಿದೆ ಎಂದೇ ಲೆಕ್ಕ.

ಪ್ರಶ್ನೆ: ಟೂತ್‌ಪೇಸ್ಟ್ ಹಚ್ಚಿ ಉಜ್ಜಿದರೆ ಗೀರು ಹೋಗುತ್ತದೆ, ತೆಂಗಿನೆಣ್ಣೆ ಒರೆಸಿದರೂ ಸಾಕು ಎನ್ನುತ್ತಾರೆ. ನಮ್ಮಲ್ಲಿ ಚಿಮಿಣಿ ಎಣ್ಣೆಯಲ್ಲಿ ಒರೆಸುವವರೂ ಇದ್ದಾರೆ. ಯಾವುದು ನಿಜ? — ಕಾಪು

ಉತ್ತರ: ತೆಂಗಿನೆಣ್ಣೆ ಗೀರನ್ನು ತೆಗೆಯುವುದಿಲ್ಲ, ಅದರೊಳಗೆ ಕೂತು ಬೆಳಕು ಚದುರದಂತೆ ಮಾಡುತ್ತದೆ. ಒದ್ದೆಯಾದಾಗ ಗೀರು ಕಾಣದಿರುವುದೂ ಇದೇ ಕಾರಣಕ್ಕೆ. ಎರಡು ಸಲ ತೊಳೆಯುವಷ್ಟರಲ್ಲಿ ಎಣ್ಣೆ ಹೋಗುತ್ತದೆ, ಅದಕ್ಕೆ ಮೊದಲೇ ರಸ್ತೆಯ ಹುಡಿಯೆಲ್ಲ ಬಂದು ಮೆತ್ತಿಕೊಳ್ಳುತ್ತದೆ. ಆ ಹುಡಿಯ ಮೇಲೆ ಬಟ್ಟೆ ಆಡಿಸಿದರೆ ಇದ್ದ ಒಂದು ಗೀರಿಗೆ ಹತ್ತು ಸೇರುತ್ತವೆ.

ಟೂತ್‌ಪೇಸ್ಟಿನಲ್ಲಿ ಉಜ್ಜುವ ಕಣ ಇರುವುದು ಹೌದು, ಕ್ಯಾಲ್ಸಿಯಂ ಕಾರ್ಬೊನೇಟ್ ಅಥವಾ ಸಿಲಿಕಾ. ಬಾಗಿಲ ಹಿಡಿಯ ಹಿಂದೆ ಉಗುರು, ಬಳೆ ತಾಗಿ ಬೀಳುವ ಕೂದಲೆಳೆಯಂಥ ಗೆರೆಗಳು ಅದರಿಂದ ಸ್ವಲ್ಪ ಮಾಸುತ್ತವೆ. ಆದರೆ ಈಗಿನ ಹಲವು ಒಳ್ಳೆಯ ಕಾಂಪೌಂಡುಗಳ ಕಣ ಉಜ್ಜುತ್ತಾ ಹೋದಂತೆ ಇನ್ನೂ ಸಣ್ಣದಾಗಿ ಕೊನೆಗೆ ಹೊಳಪು ಕೊಡುವಂತೆ ತಯಾರಾದದ್ದು. ಪೇಸ್ಟ್ ಹಾಗಲ್ಲ, ಅರ್ಧಕ್ಕೆ ಒಣಗಿ ಕಪ್ಪು ಬಣ್ಣದ ಮೇಲೆ ಮಂಜು ಕವಿದಂತೆ ಮಾಡಿಬಿಡುತ್ತದೆ. ಹಲ್ಲಿಗೆ ಸಾಕು.

ಚಿಮಿಣಿ ಎಣ್ಣೆಗೆ ಒಂದು ಕೆಲಸವಿದೆ: ಡಾಂಬರಿನ ಕಲೆ. ಬಟ್ಟೆಗೆ ಹನಿಸಿ, ಕಲೆಯ ಮೇಲೆ ಅರ್ಧ ನಿಮಿಷ ಒತ್ತಿ ಹಿಡಿದು ಎತ್ತಿ, ಕೂಡಲೇ ಶಾಂಪೂವಿನಿಂದ ತೊಳೆಯಿರಿ. ಹೊಳಪಿಗೆಂದು ಇಡೀ ಗಾಡಿಗೆ ಒರೆಸುವುದು ಬೇಡ, ವ್ಯಾಕ್ಸ್ ಎದ್ದುಹೋಗುತ್ತದೆ, ರಬ್ಬರ್ ಬೀಡಿಂಗ್ ಉಬ್ಬುತ್ತದೆ. ಪೇಂಟರ್ ಬಳಸುವ ತಿನ್ನರ್ ಇದಕ್ಕೂ ಬೇಡ. ಕಾರ್ಖಾನೆಯ ಬಣ್ಣ ತಡೆದೀತು, ಹೊರಗೆ ಹೊಡೆಸಿದ ಪೇಂಟ್ ಮೇಣದಂತೆ ಮೆತ್ತಗಾಗುತ್ತದೆ.

ಕೇಳದಿದ್ದರೂ ಇನ್ನೊಂದು ಮಾತು. ತೆಂಗಿನ ನಾರು, ಪಾತ್ರೆ ಉಜ್ಜುವ ಹಸಿರು ಸ್ಕ್ರಬ್ಬರ್, ಹಳೆ ಬೈರಾಸು, ಈ ಮೂರರಿಂದ ಆದಷ್ಟು ಗೀರು ಯಾವ ಕಂಪೌಂಡ್ ಗೋಡೆಯಿಂದಲೂ ಆಗಿಲ್ಲ.

ಪ್ರಶ್ನೆ: ಮನೆಯಲ್ಲಿ ನಾಲ್ಕು ಇಂಚಿನ ಆ್ಯಂಗಲ್ ಗ್ರೈಂಡರ್ ಇದೆ. ಅದಕ್ಕೆ ಸ್ಪಂಜ್ ಪ್ಯಾಡ್ ಸಿಕ್ಕಿಸಿ ಪಾಲಿಶ್ ಮಾಡಬಹುದಲ್ಲ? ಇಲ್ಲದಿದ್ದರೆ ಯಾವ ಮೆಷಿನ್ ತೆಗೆದುಕೊಳ್ಳಲಿ? — ಮಣಿಪಾಲ

ಉತ್ತರ: ಖಂಡಿತ ಬೇಡ. ಅಂಥ ಗ್ರೈಂಡರ್ ನಿಮಿಷಕ್ಕೆ 11,000 ಸುತ್ತಿನ ಆಸುಪಾಸಿನಲ್ಲಿ ತಿರುಗುತ್ತದೆ. ನಾಲ್ಕು ಇಂಚಿನ ಪ್ಯಾಡಿನ ಅಂಚು ಆಗ ಸೆಕೆಂಡಿಗೆ ಸುಮಾರು 58 ಮೀಟರ್ ಓಡುತ್ತದೆ. ಪೇಂಟರ್ ಬಳಸುವ ರೋಟರಿ ಪಾಲಿಶರ್ ಆರು ಇಂಚಿನ ಪ್ಯಾಡಿನೊಂದಿಗೆ 1,500 ಸುತ್ತಿನಲ್ಲಿ ಓಡಿಸುವುದು ಸೆಕೆಂಡಿಗೆ ಸುಮಾರು 12 ಮೀಟರ್. ಗ್ರೈಂಡರ್ ಒಂದು ಕಡೆ ಎರಡು ಸೆಕೆಂಡ್ ನಿಂತರೂ ಕ್ಲಿಯರ್ ಸುಟ್ಟು ಹಳದಿ ತಿರುಗುತ್ತದೆ. ಪ್ಯಾಡ್ ಹರಿದು ಮುಖಕ್ಕೆ ಹಾರುವುದೂ ಉಂಟು.

ವೇಗ ಹೆಚ್ಚು ಕಡಿಮೆ ಮಾಡಬಹುದಾದ ಡ್ರಿಲ್ ಇದ್ದರೆ ಅದಕ್ಕೆ ಮೂರು ಇಂಚಿನ ಫೋಮ್ ಪ್ಯಾಡ್ ಹಾಕಿ 1,000–1,200 ಸುತ್ತಿನಲ್ಲಿ ಸಣ್ಣ ಜಾಗಗಳನ್ನು ಮಾಡಿಕೊಳ್ಳಬಹುದು. ಹ್ಯಾಮರ್ ಆಫ್ ಇರಲಿ, ಪ್ಯಾಡ್ ಓರೆಯಾಗದಿರಲಿ. ಮೆಷಿನ್ ತೆಗೆದುಕೊಳ್ಳುವುದೇ ಆದರೆ ಡ್ಯುಯಲ್ ಆ್ಯಕ್ಷನ್ ಪಾಲಿಶರ್ ತೆಗೆದುಕೊಳ್ಳಿ. ಅದು ತಿರುಗುತ್ತಲೇ ಅತ್ತಿತ್ತ ಅಲುಗುವುದರಿಂದ ಬಿಸಿ ಒಂದೇ ಕಡೆ ನಿಲ್ಲುವುದಿಲ್ಲ, ಹೊಸಬರ ಕೈಯಲ್ಲೂ ಬಣ್ಣ ಬೇಗ ಸುಡುವುದಿಲ್ಲ. ಐದು ಇಂಚಿನ ಪ್ಯಾಡಿಗೆ ಬಟಾಣಿ ಗಾತ್ರದ ನಾಲ್ಕು ಹನಿ. ಒಂದೂವರೆ ಅಡಿ ಚೌಕಕ್ಕೆ ಮೊದಲು 1ನೇ ವೇಗದಲ್ಲಿ ಸವರಿ, ಆಮೇಲೆ 4 ಅಥವಾ 5ರಲ್ಲಿ ಸೆಕೆಂಡಿಗೆ ಒಂದು ಇಂಚಿನಷ್ಟು ನಿಧಾನವಾಗಿ ಸಾಗಿ. ಪ್ರತಿ ಸಾಲು ಹಿಂದಿನ ಸಾಲಿನ ಅರ್ಧವನ್ನು ಮುಚ್ಚಬೇಕು. ಉದ್ದಕ್ಕೆ ಒಮ್ಮೆ ಅಡ್ಡಕ್ಕೆ ಒಮ್ಮೆ, ಹೀಗೆ ನಾಲ್ಕು ಸಲ.

ಪ್ಯಾಡ್ ಕೂರುವ ತಟ್ಟೆಯ ಅಂಚಿಗೆ ಮಾರ್ಕರಿನಿಂದ ಒಂದು ಗೆರೆ ಎಳೆದಿಡಿ. ಒತ್ತಡ ಜಾಸ್ತಿಯಾದರೆ ಮೆಷಿನ್ ಗುಂಯ್ ಎನ್ನುತ್ತಲೇ ಇರುತ್ತದೆ, ಪ್ಯಾಡ್ ಮಾತ್ರ ತಿರುಗದೆ ನಡುಗುತ್ತಿರುತ್ತದೆ. ಗೆರೆ ತಿರುಗುವುದು ಕಂಡರೆ ಕೆಲಸ ಆಗುತ್ತಿದೆ ಎಂದರ್ಥ. ಆಗಾಗ ಅಂಗೈಯ ಹಿಂಬದಿ ಇಟ್ಟು ನೋಡಿ, ಉಗುರು ಬೆಚ್ಚಗಿಂತ ಹೆಚ್ಚಾದರೆ ನಿಲ್ಲಿಸಿ. ಬಂಪರ್ ಪ್ಲಾಸ್ಟಿಕ್ಕಿನದ್ದು, ತಗಡಿನಂತೆ ಬಿಸಿಯನ್ನು ಹರಡದು. ಅಲ್ಲಿ ವೇಗ ಒಂದು ಅಂಕಿ ಕಡಿಮೆ ಇಡಿ, ಹೊತ್ತೂ ಅರ್ಧ ಸಾಕು. ಒಂದು ಬಾಗಿಲು ಮುಗಿದ ಮೇಲೆ ಪ್ಯಾಡನ್ನು ಬ್ರಷ್‌ನಿಂದ ಬಿಡಿಸಿ, ಇಲ್ಲವಾದರೆ ತೆಗೆದ ಕ್ಲಿಯರಿನ ಹುಡಿಯೇ ಮುಂದಿನ ಬಾಗಿಲನ್ನು ಗೀರುತ್ತದೆ. ಮತ್ತೆ, ಪ್ಯಾಡ್ ನೆಲಕ್ಕೆ ಬಿತ್ತೋ, ಅದನ್ನು ಪಕ್ಕಕ್ಕಿಡಿ. ಅಂಗಳದ ಒಂದು ಹರಳು ಮರಳು ಸಾಕು ಹೊಸ ಕೆಲಸ ಕೊಡಲಿಕ್ಕೆ.

ಪ್ರಶ್ನೆ: ಬಿಳಿ ಕಾರು, ಕೈಯಾಡಿಸಿದರೆ ತರಿ ತರಿ. ಅಲ್ಲಲ್ಲಿ ಸಾಸಿವೆಗಿಂತ ಚಿಕ್ಕ ಕಂದು ಚುಕ್ಕಿ. ಪಾಲಿಶ್ ಮಾಡಿದರೆ ಹೋದೀತೇ? — ಸುರತ್ಕಲ್

ಉತ್ತರ: ಈಗಲೇ ಪಾಲಿಶ್ ಮಾಡಬೇಡಿ. ಕಂದು ಚುಕ್ಕಿ ಎಂದರೆ ಕ್ಲಿಯರಿಗೆ ಕಚ್ಚಿಕೊಂಡು ತುಕ್ಕು ಹಿಡಿದ ಕಬ್ಬಿಣದ ಕಣ. ಬ್ರೇಕಿನ ಹುಡಿ, ರೈಲು ಹಳಿ, ವೆಲ್ಡಿಂಗ್ ಶೆಡ್ಡು, ಕೈಗಾರಿಕೆಗಳ ಧೂಳು, ಎಲ್ಲಿಂದಲೂ ಬರಬಹುದು. ಕಡಲಿನ ಉಪ್ಪು ಹೀಗೆ ಕಚ್ಚುವುದಿಲ್ಲ, ಅದು ನೀರಿಗೆ ಕರಗಿ ಹೋಗುತ್ತದೆ. ಪ್ಯಾಡ್ ಇಟ್ಟು ಉಜ್ಜಿದರೆ ಈ ಕಣಗಳು ಕಿತ್ತು ಬಂದು ಪ್ಯಾಡಿನ ಜೊತೆ ಇಡೀ ಬಾನೆಟ್ ಸುತ್ತಾಡುತ್ತವೆ.

ತೊಳೆದು, ನೆರಳಿನಲ್ಲಿ ಐರನ್ ರಿಮೂವರ್ ಸಿಂಪಡಿಸಿ. ಕಣ ಇರುವಲ್ಲಿ ನೇರಳೆ ಬಣ್ಣ ಇಳಿಯುತ್ತದೆ. ಮೂರು ನಾಲ್ಕು ನಿಮಿಷದಲ್ಲಿ, ಒಣಗುವ ಮೊದಲೇ ತೊಳೆಯಿರಿ. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಕಚ್ಚಿದ ಕಣ ಎತ್ತುವ ಮೆತ್ತನೆಯ ಜೇಡಿಯಂಥ ಉಂಡೆ: ಶಾಂಪೂ ನೀರು ಧಾರಾಳ ಬಿಟ್ಟು ಒತ್ತದೆ ಜಾರಿಸಬೇಕು, ಕೊಳೆಯಾದಂತೆ ಮಡಚಿ ಹೊಸ ಮುಖ ತಿರುಗಿಸಬೇಕು. ಸಾಕಾಯಿತೇ ಎಂದು ತಿಳಿಯಲು ಕೈಗೆ ತೆಳು ಪ್ಲಾಸ್ಟಿಕ್ ತೊಟ್ಟೆ ಹಾಕಿಕೊಂಡು ಸವರಿ. ಬರಿಗೈಗೆ ಗೊತ್ತಾಗದ ತರಿಯೂ ಆಗ ಗೊತ್ತಾಗುತ್ತದೆ. ಬಹಳಷ್ಟು ಬಿಳಿ ಗಾಡಿಗಳಿಗೆ ಇಷ್ಟಾದ ಮೇಲೆ ಪಾಲಿಶ್ ಬೇಕಾಗುವುದೇ ಇಲ್ಲ.

ಪ್ರಶ್ನೆ: ಮ್ಯಾಟ್ ಬೂದು ಬಣ್ಣದ ಸ್ಕೂಟರಿನಲ್ಲಿ ಗೀರು. ಯಾವ ಪಾಲಿಶ್? — ಬ್ರಹ್ಮಾವರ

ಉತ್ತರ: ಯಾವುದೂ ಅಲ್ಲ. ಮ್ಯಾಟ್ ಬಣ್ಣ ಮಂಕಾಗಿ ಕಾಣುವುದೇ ಅದರ ಮೇಲ್ಮೈ ಸೂಕ್ಷ್ಮವಾಗಿ ಒರಟಾಗಿರುವುದರಿಂದ. ಉಜ್ಜಿದಲ್ಲಿ ಹೊಳಪು ಬಂದು ಗೀರಿಗಿಂತ ದೊಡ್ಡ ಕಲೆಯಾಗುತ್ತದೆ, ಆ ಹೊಳಪನ್ನು ಮತ್ತೆ ಮ್ಯಾಟ್ ಮಾಡಲು ಬರುವುದಿಲ್ಲ. ಫುಟ್‌ಬೋರ್ಡ್, ಹಿಂದಿನ ಮಡ್‌ಗಾರ್ಡ್‌ನಂಥ ಬಣ್ಣ ಹೊಡೆಯದ ಕಪ್ಪು ಪ್ಲಾಸ್ಟಿಕ್ಕಿಗೂ ಕಾಂಪೌಂಡ್ ತಾಗಿಸಬೇಡಿ, ಬಿಳಿ ಕೂತು ಹೋಗುವುದಿಲ್ಲ. ಹೊಳಪಿನ ಬಣ್ಣದ ಭಾಗಗಳಿಗೆ ಮೇಲೆ ಹೇಳಿದ ಕೈ ಪಾಲಿಶ್ ಸಾಕು. ಸ್ಟಿಕ್ಕರ್‌ನ ಅಂಚು ಬೆರಳಿಗೆ ಸಿಕ್ಕಿದರೆ ಅದು ಕ್ಲಿಯರಿನ ಮೇಲಿದೆ, ಟೇಪ್ ಹಾಕಿ ಕಾಪಾಡಿ.

ಪ್ರಶ್ನೆ: ಗೀರಿನಲ್ಲಿ ತಗಡು ಕಾಣುತ್ತಿತ್ತು, ವಾರದೊಳಗೆ ತುಕ್ಕು ಬಂತು. ಆಗಸ್ಟ್‌ನಲ್ಲಿ ಟಚ್‌ಅಪ್ ಪೇಂಟ್ ಹಚ್ಚಿದೆ, ಒಣಗಿದ ಮೇಲೆ ಹಾಲು ಚೆಲ್ಲಿದಂತೆ ಬೆಳ್ಳಗಾಗಿದೆ. ಪೇಂಟ್ ಹಾಳೋ? — ಮಲ್ಪೆ

ಉತ್ತರ: ಪೇಂಟ್ ಸರಿಯಿದೆ, ಹವೆ ಸರಿಯಿರಲಿಲ್ಲ. ತಿನ್ನರ್ ಆವಿಯಾಗುವಾಗ ಮೇಲ್ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ತಣ್ಣಗಾದ ಬಣ್ಣದ ಮೇಲೆ ಇಬ್ಬನಿ ಕೂತು ಒಳಗೆ ಸೇರಿಕೊಳ್ಳುತ್ತದೆ. ಪೇಂಟರ್‌ಗಳು ಇದನ್ನೇ ಬ್ಲಶಿಂಗ್ ಎನ್ನುವುದು. ಹಚ್ಚಿ ಎರಡು ತಿಂಗಳಾದ ಕಾರಣ ಒಣಗಿಸಿ ಸರಿಮಾಡುವ ಹಂತ ದಾಟಿದೆ, ಕೆರೆದು ಮತ್ತೆ ಮಾಡಿ. ಅಡಿಯಲ್ಲಿ ತುಕ್ಕು ಉಳಿದಿರುವ ಸಂಭವವೂ ಇರುವುದರಿಂದ ಕೆರೆಯುವುದೇ ಒಳ್ಳೆಯದು.

ಬೆಂಕಿಕಡ್ಡಿಯ ತುದಿಗೆ 600 ನಂಬರಿನ ಪೇಪರ್ ಚೂರು ಅಂಟಿಸಿ, ಗೀರಿನೊಳಗೆ ಮಾತ್ರ ಕೆರೆದು ತಗಡು ಹೊಳೆಯುವಂತೆ ಮಾಡಿ. ಹೊಂಡಗಳಲ್ಲಿ ಕಪ್ಪು ಉಳಿದರೆ ಫಾಸ್ಫಾರಿಕ್ ಆಮ್ಲ ಇರುವ ರಸ್ಟ್ ಕನ್ವರ್ಟರನ್ನು ಟೂತ್‌ಪಿಕ್‌ನಿಂದ ಮುಟ್ಟಿಸಿ, ಪ್ಯಾಕೆಟ್ಟಿನಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು ಒರೆಸಿ. ಸಿಹಿ ನೀರಿನಿಂದ ತೊಳೆದು ಒಣಗಿಸಿ, ಆಲ್ಕೊಹಾಲಿನಿಂದ ಒರೆಸಿ. ಕಡಲ ಬದಿಯಲ್ಲಿ ಈ ತೊಳೆಯುವಿಕೆ ತಪ್ಪಿಸಬೇಡಿ, ಬಣ್ಣದ ಅಡಿಯಲ್ಲಿ ಉಪ್ಪು ಸಿಕ್ಕಿಕೊಂಡರೆ ಅದು ತೇವ ಎಳೆದು ಗುಳ್ಳೆ ಎಬ್ಬಿಸುತ್ತದೆ.

ಈಗ ತಗಡಿನ ಮೇಲೆ ಪ್ರೈಮರ್ ಒಂದು ತೆಳು ಪದರ, ಒಂದು ಗಂಟೆ ಒಣಗಲಿ. ಬಣ್ಣದ ಕೋಡ್ ಚಾಲಕನ ಬಾಗಿಲ ಕಂಬದ ಸ್ಟಿಕ್ಕರಿನಲ್ಲಿ ಅಥವಾ ಬಾನೆಟ್ ಒಳಗಿನ ತಗಡಿನ ಫಲಕದಲ್ಲಿರುತ್ತದೆ. ‘ಸಿಲ್ವರ್’ ಎಂದು ಬಾಯಲ್ಲಿ ಹೇಳಿ ತಂದರೆ ಹೊಂದುವುದಿಲ್ಲ. ಬಾಟಲಿಯನ್ನು ಎರಡು ನಿಮಿಷ ಚೆನ್ನಾಗಿ ಅಲುಗಿಸಿ, ಮೆಟಾಲಿಕ್ ಹುಡಿ ತಳದಲ್ಲಿರುತ್ತದೆ. ಮುಚ್ಚಳದ ಬ್ರಷ್ ದಪ್ಪ, ಟೂತ್‌ಪಿಕ್ ಅಥವಾ ಅತಿ ಸಣ್ಣ ಚಿತ್ರದ ಕುಂಚ ಬಳಸಿ. ಅರ್ಧರ್ಧ ಗಂಟೆ ಬಿಟ್ಟು ಎರಡು ಮೂರು ತೆಳು ಪದರ, ಅದರ ಮೇಲೆ ಕ್ಲಿಯರ್ ಎರಡು. ಒಣಗಿದಂತೆ ಬಣ್ಣ ಕುಗ್ಗುವುದರಿಂದ ಕೊನೆಯ ಪದರ ಸುತ್ತಲಿಗಿಂತ ಚೂರು ಉಬ್ಬಿರಬೇಕು. ಒಮ್ಮೆಗೇ ದಪ್ಪ ಹಚ್ಚಿದರೆ ಮೇಲೆ ಕೆನೆಗಟ್ಟಿ ಒಳಗೆ ಹಸಿ ಉಳಿಯುತ್ತದೆ.

ಒಂದು ವಾರ ಮುಟ್ಟಬೇಡಿ. ಆಮೇಲೆ ರಬ್ಬರಿನ ಚೂರಿಗೆ 2500 ಸುತ್ತಿ ಉಬ್ಬನ್ನು ಮಾತ್ರ ಸಮ ಮಾಡಿ, 3000 ಎಳೆದು ಕಾಂಪೌಂಡ್ ಹಾಕಿ. ಸಣ್ಣ ಜಾಗವಾದ್ದರಿಂದ ಕೈಯಲ್ಲೇ ಆದೀತು, ತಾಳ್ಮೆ ಬೇಕು.

ಮಳೆಗಾಲದ ನಡುವೆಯೇ ಗೀರು ಬಿದ್ದರೆ? ತೊಳೆದು ಒಣಗಿಸಿ ದಪ್ಪಗೆ ವ್ಯಾಕ್ಸ್ ತುಂಬಿ, ಮಳೆ ಬಿಡುವವರೆಗೆ ವಾರಕ್ಕೊಮ್ಮೆ ನೋಡಿಕೊಳ್ಳಿ. ಬಣ್ಣರಹಿತ ನೈಲ್ ಪಾಲಿಶ್ ಹಚ್ಚಿ ಎನ್ನುವವರಿದ್ದಾರೆ. ಆಮೇಲೆ ಅದನ್ನು ತೆಗೆಯಲು ಅಸಿಟೋನ್ ಬೇಕು, ಅಸಿಟೋನ್ ಸುತ್ತಲಿನ ಬಣ್ಣವನ್ನೂ ಕೆಡಿಸೀತು.

ಪ್ರಶ್ನೆ: ಆಯುಧ ಪೂಜೆಗೆ ಬಾನೆಟ್ ಮೇಲೆ ಹಚ್ಚಿದ ಗಂಧ, ಕುಂಕುಮ ಒಣಗಿ ಗಟ್ಟಿಯಾಗಿದೆ. ಉಜ್ಜಿದರೆ ಗೀರು ಬೀಳುತ್ತಿದೆ. — ಉಡುಪಿ

ಉತ್ತರ: ಒಣಗಂಧ ಎಂದರೆ ಸಣ್ಣ ತರಿಯೇ, ಉಜ್ಜಿದರೆ ಗೀರದೆ ಇನ್ನೇನು. ಒದ್ದೆ ಬಟ್ಟೆಯನ್ನು ಹತ್ತು ನಿಮಿಷ ಅದರ ಮೇಲೆ ಹಾಸಿಡಿ, ಮೆತ್ತಗಾದ ಮೇಲೆ ನೀರು ಹಾಯಿಸಿ ಇಳಿಸಿ. ಬಿಳಿ ಬಣ್ಣದ ಮೇಲೆ ಕುಂಕುಮದ ಗುಲಾಬಿ ಕಲೆ ಉಳಿದರೆ ನೀರು ಬೆರೆಸಿದ ಆಲ್ಕೊಹಾಲ್, ಅದಕ್ಕೂ ಹೋಗದಿದ್ದರೆ ಫಿನಿಶಿಂಗ್ ಪಾಲಿಶ್ ಒಂದು ಸಲ. ಹೂಮಾಲೆ ಕಟ್ಟಿದ ಸೆಲ್ಲೋ ಟೇಪಿನ ಅಂಟಿಗೆ ಎರಡು ಹನಿ ತೆಂಗಿನೆಣ್ಣೆ ಹಾಕಿ ಬೆರಳಿನಿಂದ ಉರುಟಿ, ಶಾಂಪೂ ಹಾಕಿ ತೊಳೆಯಿರಿ. ತೆಂಗಿನೆಣ್ಣೆಗೆ ಗಾಡಿಯಲ್ಲಿರುವ ನಿಜವಾದ ಕೆಲಸ ಅದು.

ಪ್ರಶ್ನೆ: ಹನ್ನೆರಡು ವರ್ಷದ ಕಾರು, ಮೇಲ್ಛಾವಣಿಯಲ್ಲಿ ಈರುಳ್ಳಿ ಸಿಪ್ಪೆಯಂತೆ ಬಿಳಿ ಪದರ ಏಳುತ್ತಿದೆ. ಯಾವ ನಂಬರಿನ ಪೇಪರ್, ಯಾವ ಕಾಂಪೌಂಡ್? — ಕುಲಶೇಖರ, ಮಂಗಳೂರು

ಉತ್ತರ: ಏಳುತ್ತಿರುವುದೇ ಕ್ಲಿಯರ್ ಕೋಟ್. ಅದು ಹೋದಲ್ಲಿ ಪಾಲಿಶ್ ಮಾಡಲು ಏನೂ ಉಳಿದಿಲ್ಲ, ಬಟ್ಟೆಗೆ ಬರುವುದು ನೇರ ಬಣ್ಣವೇ. ಛಾವಣಿಯಷ್ಟನ್ನೇ ಪೇಂಟರ್‌ಗೆ ಕೊಡಿ. ಹಳೆಯ ಕ್ಲಿಯರನ್ನು ಅಂಚು ಗಟ್ಟಿಯಾಗಿ ನಿಲ್ಲುವವರೆಗೆ ಪೂರ್ತಿ ಕೆರೆದು, ಬಣ್ಣ ಕೊಟ್ಟು, ಆಮೇಲೆ ಕ್ಲಿಯರ್ ಹೊಡೆಯಲು ಹೇಳಿ. ಸಿಪ್ಪೆಯ ಮೇಲೆಯೇ ಹೊಸ ಕ್ಲಿಯರ್ ಹೊಡೆದರೆ ಹಳೆಯದರ ಜೊತೆ ಅದೂ ಎದ್ದು ಬರುತ್ತದೆ.